ಬಿತ್ತನೆ ಬೀಜಕ್ಕೆ ತಗಲುವ ಹಾನಿ



ರಾಗಿ ಪೈರಿನ ಎಲೆಗೆ ರೋಗ ಬಿದ್ದರೆ ಆ ಬೆಳೆಗಷ್ಟೇ ನಷ್ಟ. ಬಿತ್ತನೆ ಬೀಜವೇ ಕೆಟ್ಟರೆ? ಮುಂದಿನ ಬೆಳೆಯೂ ಹೋಯಿತು. ನಮ್ಮ ಮೈಯಲ್ಲಿಯೂ ಹೀಗೆಯೇ. ತಂದೆಯ ವೀರ್ಯಾಣು, ತಾಯಿಯ ಅಂಡಾಣು, ಇವೇ ಮನುಷ್ಯನ ಬಿತ್ತನೆ ಬೀಜ. ವಂಶದ ಗುಣಗಳನ್ನು ಹೊತ್ತ ವಂಶವಾಹಿಗಳು ಅವುಗಳೊಳಗಿವೆ. ಕೆಲವು ರಾಸಾಯನಿಕಗಳು ಈ ವಂಶವಾಹಿಗಳನ್ನೇ ಮಾರ್ಪಡಿಸಿಬಿಡುತ್ತವೆ. ತಂದೆ ಗಟ್ಟಿಯಾಗಿಯೇ ಇರುತ್ತಾನೆ. ಕೇಡು ಮಕ್ಕಳಿಗೆ ಇಳಿಯಬಹುದು.

ಇದನ್ನು ಪತ್ತೆ ಮಾಡೋದು ಹೇಗೆ? ಹಿಂದೆ ಇಲಿಗಳಿಗೆ ರಾಸಾಯನಿಕ ಕೊಟ್ಟು, ಹುಟ್ಟಿದ ಮರಿಗಳ ಬಣ್ಣ, ಕಿವಿ ಬದಲಾಗಿವೆಯೇ ಎಂದು ಸಾವಿರಾರು ಮರಿಗಳನ್ನು ನೋಡುತ್ತಿದ್ದರು. ಅಮೆರಿಕದ ಓಕ್ ರಿಡ್ಜ್‌ನಲ್ಲಿ ರಸೆಲ್ ಮತ್ತು ಸಂಗಡಿಗರು 1979ರಲ್ಲಿ ಈಥೈಲ್ ನೈಟ್ರೋಸೋ ಯೂರಿಯಾದ ಉಗ್ರ ಪರಿಣಾಮವನ್ನು ತೋರಿಸಿದ್ದು ಹೀಗೆಯೇ.

ಈಗ ಇನ್ನೊಂದು ವಿಧಾನವಿದೆ. ಇಲಿಯ ಪ್ರತಿಯೊಂದು ಜೀವಕಣದಲ್ಲಿಯೂ ಬ್ಯಾಕ್ಟೀರಿಯಾದ ಒಂದು ವಂಶವಾಹಿಯನ್ನು ಸೇರಿಸಿರುತ್ತಾರೆ. ಇಲಿಗೆ ಅದರಿಂದ ಲಾಭವಿಲ್ಲ, ತೊಂದರೆಯಿಲ್ಲ. ಅದು ಬರೀ ಸಾಕ್ಷಿ. ಗಂಡಿಲಿಗೆ 28 ದಿನ ರಾಸಾಯನಿಕ ಕೊಟ್ಟು, ಮತ್ತೆ 28 ದಿನ ಸುಮ್ಮನೆ ಬಿಡುತ್ತಾರೆ. ಯಾಕೆಂದರೆ ಇಲಿಯ ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಏಳು ವಾರ ಬೇಕು. ಬಳಿಕ ವೃಷಣದಿಂದ ಆ ಸಾಕ್ಷಿ ವಂಶವಾಹಿಯನ್ನು ತೆಗೆದು, ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸುತ್ತಾರೆ. ಅದು ಕೆಟ್ಟಿದ್ದ ಕಡೆ ಚುಕ್ಕೆ ಮೂಡುತ್ತದೆ. ರಾಸಾಯನಿಕ ಕೊಡದ ಇಲಿಗಳಿಗಿಂತ ಚುಕ್ಕೆ ಸ್ಪಷ್ಟವಾಗಿ ಹೆಚ್ಚಿದ್ದರೆ ಬೀಜಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ. ಮರಿ ಹುಟ್ಟುವ ತನಕ ಕಾಯಬೇಕಾಗಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 2011ರಲ್ಲಿ ಇದಕ್ಕೆ 488ನೆಯ ಮಾರ್ಗಸೂಚಿಯನ್ನು ಹೊರಡಿಸಿ, ಮುಂದೆ ತಿದ್ದುಪಡಿಯನ್ನೂ ಮಾಡಿತು. ಆದರೆ ತಾಯಿಯ ಅಂಡಾಣುವಿಗೆ ಈ ಪರೀಕ್ಷೆ ಒಗ್ಗುವುದಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ಬೆಳೆಗೆ ಹೊಡೆಯುವ ಔಷಧಿಯೆಲ್ಲಾ ಬೀಜ ಕೆಡಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ಹೇಳುವುದು ಹೊಟ್ಟೆಗೆ ಹೋದರೆ, ಚರ್ಮಕ್ಕೆ ತಾಗಿದರೆ ಎಷ್ಟು ವಿಷ ಎಂಬುದನ್ನು ಮಾತ್ರ. ಮುಂದಿನ ಪೀಳಿಗೆಯ ಮಾತನ್ನು ಆ ಬಣ್ಣ ಹೇಳುವುದಿಲ್ಲ. ಹಸಿರು ಗುರುತು ಇದೆಯೆಂದು ಬರಿಗೈಯಲ್ಲಿ ಕಲಸಬೇಡಿ.

ಆದ್ದರಿಂದ ಕೈಗವಸು ಹಾಕಿಕೊಳ್ಳಿ, ಮೂಗು ಬಾಯಿ ಮುಚ್ಚಿಕೊಳ್ಳಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಕೈ ತೊಳೆಯದೆ ಬೀಡಿ, ಎಲೆ ಅಡಿಕೆ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಖಾಲಿ ಡಬ್ಬದಲ್ಲಿ ನೀರು, ಕಾಳು ಇಡಲೇಬೇಡಿ. ಬಸುರಿಯರನ್ನೂ ಮಕ್ಕಳನ್ನೂ ಔಷಧಿ ಹೊಡೆಯುವ ಹೊಲದಿಂದ ದೂರವಿಡಿ.

ಬಿತ್ತನೆಗೆಂದು ಒಳ್ಳೆಯ ಬೀಜವನ್ನು ಜೋಪಾನವಾಗಿ ಎತ್ತಿಡುವವರು ನೀವು. ಮೈಯೊಳಗಿನ ಬೀಜವನ್ನೂ ಹಾಗೆಯೇ ಕಾಪಾಡಿಕೊಳ್ಳಿ.