ಕಾಲು ಸುತ್ತಳತೆ ನುಂಗಿದ ಮರ

ಕಾಫಿ ತೋಟದ ಸಿಲ್ವರ್ ಓಕ್ ಮಾರುವವರಿಗೆ ಈ ಲೆಕ್ಕ ಬಾಯಿಪಾಠ. ದಿಮ್ಮಿಯ ನಡುವಿಗೆ ಟೇಪು ಸುತ್ತಿ, ಬಂದದ್ದನ್ನು ನಾಲ್ಕರಿಂದ ಭಾಗಿಸಿ, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿದರೆ ಘನ ಅಡಿ. ಇದರ ಪಟ್ಟಿಗಳನ್ನು 1736ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿ ಮನೆಮಾತು ಮಾಡಿದವನು ಎಡ್ವರ್ಡ್ ಹಾಪಸ್ ಎಂಬ ಸರ್ವೇಯರ್.

48 ಅಂಗುಲ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಹಾಪಸನ ಪ್ರಕಾರ 10 ಘನ ಅಡಿ. ಗುಂಡಗಿನ ಮರಕ್ಕೆ ಗುಂಡಗಿನ ಲೆಕ್ಕವನ್ನೇ ಹಾಕಿದರೆ 12.73. ಅಂದರೆ ಮರದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕಾಗದದ ಮೇಲೆಯೇ ಮಾಯ! ತೊಗಟೆಗೆ, ಚೌಕ ತೊಲೆ ಕೊಯ್ಯುವಾಗ ಹೋಗುವ ಹೊರಹಲಗೆಗೆ ಇದು ಕಳೆಯುವ ಬಾಬ್ತು ಎಂಬ ಸಮಜಾಯಿಷಿ ಉಂಟು. ತೊಲೆಯ ಕಾಲಕ್ಕೆ ಒಪ್ಪಬಹುದಿತ್ತು. ಪ್ಲೈವುಡ್ ಕಾರ್ಖಾನೆಯಲ್ಲಿ ಯಾರೂ ಚೌಕ ಕೊಯ್ಯುವುದಿಲ್ಲ, ದಿಮ್ಮಿಯನ್ನು ತಿರುಗಿಸುತ್ತ ಹಾಳೆ ಸುಲಿಯುತ್ತಾರೆ. ಆದರೂ ಲೆಕ್ಕ ಮಾತ್ರ ಬದಲಾಗಿಲ್ಲ.

ಹಾಗೆಂದು ವಿಜ್ಞಾನಿಗಳು ಸುಮ್ಮನೆ ಕೂತಿರಲಿಲ್ಲ. ಜರ್ಮನಿಯಲ್ಲಿ ಹ್ಯೂಬರ್ ದಿಮ್ಮಿಯ ನಡುಭಾಗದ ವೃತ್ತವನ್ನು ನೆಚ್ಚಿದ, ಸ್ಮಾಲಿಯನ್ ಎರಡೂ ತುದಿಗಳ ಸರಾಸರಿ ಹಿಡಿದ. ಬುಡ ಉಬ್ಬಿದ ದಿಮ್ಮಿಯಲ್ಲಿ ಸ್ಮಾಲಿಯನ್ ಲೆಕ್ಕ ಏರುತ್ತದೆ. ನನಗೆ ಹಿಡಿಸಿದವನು ಮೆಟ್ಸ್‌ಗರ್. ಅಳೆಯುವುದಿರಲಿ, ಮರ ಮೇಲೆ ಹೋದಂತೆ ಸಣ್ಣಗಾಗುವುದೇಕೆ ಎಂದು 1893ರಲ್ಲಿ ಆತ ಕೇಳಿದ. ಗಾಳಿ ನೆತ್ತಿಯನ್ನು ಬಗ್ಗಿಸುವಾಗ ಕಾಂಡದ ಯಾವ ಮಟ್ಟಕ್ಕೂ ಹೆಚ್ಚು ಒತ್ತಡ ಬೀಳದಂತೆ ಮರ ತನ್ನ ದಪ್ಪ ಹಂಚಿಕೊಳ್ಳುತ್ತದೆ ಎಂಬುದು ಅವನ ಉತ್ತರ. ಅಲ್ಲ, ನೀರು ಸಾಗಿಸುವ ಅನುಕೂಲಕ್ಕೆ ಎಂದು ಬೇರೆಯವರು ಜಗಳಕ್ಕೆ ನಿಂತರು.

ಒಂದೇ ಸೂತ್ರಕ್ಕೆ ಇಡೀ ಕಾಂಡ ಬಗ್ಗುವುದಿಲ್ಲ. ಬುಡ ಒಳಬಾಗಿ ಅಗಲವಾಗುತ್ತದೆ, ನಡುಭಾಗ ತುಸು ಉಬ್ಬಿರುತ್ತದೆ, ತುದಿ ಶಂಕುವಿನಂತೆ ಚೂಪು. 1976ರಲ್ಲಿ ಅಮೆರಿಕದ ಮ್ಯಾಕ್ಸ್ ಮತ್ತು ಬರ್ಕ್‌ಹಾರ್ಟ್ ಮೂರಕ್ಕೂ ಬೇರೆ ಬೇರೆ ವಕ್ರರೇಖೆ ಬರೆದು ಹೊಲಿದರು. 1988ರಲ್ಲಿ ಕೆನಡಾದ ಕೊಜಾಕ್ ಎತ್ತರದೊಂದಿಗೆ ಘಾತವೇ ಬದಲಾಗುವ ಒಂದೇ ಸಮೀಕರಣ ಕೊಟ್ಟರು. ಎದೆಮಟ್ಟದ ದಪ್ಪ, ಒಟ್ಟು ಎತ್ತರ ಗೊತ್ತಿದ್ದರೆ ಸಾಕು. ನಿಂತ ಮರದಲ್ಲೇ ಎಷ್ಟು ನಾಟಾ, ಎಷ್ಟು ಪಲ್ಪು ಎಂದು ಅಂದಾಜಿಸಬಹುದು. ಆದರೆ ಆಯಾ ಜಾತಿ, ಆಯಾ ಸೀಮೆಯ ಮರಗಳನ್ನು ಕಡಿದು ಅಳೆದು ಅಂಕಿಗಳನ್ನು ಹೊಂದಿಸಿಕೊಳ್ಳಬೇಕು.

ಹಾಪಸ್ ಅಡಿಗೆ ತಕ್ಕಂತೆ ದರವೂ ಇರುತ್ತದಲ್ಲ ಎನ್ನುವಿರಾ? ಇಬ್ಬರಿಗೂ ಗೊತ್ತಿದ್ದರೆ ಸರಿ. ಬೆಳೆಗಾರರೇ, ದರ ಮಾತಾಡುವ ಮೊದಲು ಯಾವ ಅಡಿ ಎಂದು ಕೇಳಿ: ಒಂದು ಘನ ಮೀಟರಿಗೆ ನಿಜವಾದ ಘನ ಅಡಿ 35.3, ಹಾಪಸನದು 27.7.