ಅಡಿಕೆ ಬುಡದ ಗಟ್ಟಿ ನೆಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ. ಭದ್ರಾ ನಾಲೆಯ ನೀರುಂಡ ಎಷ್ಟೋ ಭತ್ತದ ಗದ್ದೆಗಳು ಈಗ ಅಡಿಕೆ ತೋಟ. ಕೆಲವು ಕಡೆ ನೀರು, ಗೊಬ್ಬರ ಎರಡೂ ಸಿಕ್ಕರೂ ಸೋಗೆ ಹಳದಿ!

ಒಂದು ಕಾರಣ ಮಣ್ಣಿನಡಿ ಇದೆ. ವರ್ಷಗಟ್ಟಲೆ ಕೆಸರು ಉತ್ತ ಗದ್ದೆಯಲ್ಲಿ ಗೇಣು ಆಳಕ್ಕೆ ಗಟ್ಟಿ ಪದರ ಕೂತಿರುತ್ತದೆ. ನೀರು ಇಳಿಯದು, ಬೇರಿಗೆ ಗಾಳಿ ಸಿಗದು. ಮೇಲೆ ಟ್ರ್ಯಾಕ್ಟರ್ ಭಾರ ಬೇರೆ.

ಹಾಗಂತ ಬುಡ ಅಗೆಯುವುದು ದುಡುಕು. ಬಹುಪಾಲು ಬೇರು ಬುಡದಿಂದ ಸುತ್ತ 1 ಮೀಟರ್ ಒಳಗೇ ಇರುತ್ತದೆ. ಮೊದಲು ಬೇಕಾದದ್ದು ಸಾಲುಗಳ ನಡುವೆ ಗುಣಿಗಿಂತ ಆಳದ ಬಸಿಗಾಲುವೆ. ಆಮೇಲೆ ಮರಕ್ಕೆ ವರ್ಷಕ್ಕೆ 12 ಕೆಜಿ ಕಾಂಪೋಸ್ಟ್, 12 ಕೆಜಿ ಹಸಿರೆಲೆ. ಸೋಗೆ ಹೊದಿಸಿದರೆ ಉಳುಮೆ ಎರೆಹುಳುವಿನದು.

ಜಗಳೂರಿನ ಕಥೆಯೇ ಬೇರೆ. ಬರದ ಸೀಮೆಯಲ್ಲಿ ನೆಲ ಸಡಿಲಾಗಬೇಕಾದದ್ದು ಬಂದಷ್ಟು ಮಳೆ ಇಂಗಲೆಂದು: ಮರದ ಸುತ್ತ ಪಾತಿ, ಮೇಲೆ ಒಣ ಹೊದಿಕೆ.