ಬಿಸಿ ಆರುವ ಮುನ್ನ ಹಿಡಿಯಬೇಕು

"ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗ್ತತೆ ಕಣಣ್ಣಾ. ಅಜ್ಜಂಪುರ ಮುಟ್ಟೋ ಹೊತ್ತಿಗೆ ಬರ್ ಬರ್ ಅಂತತೆ, ಎಳೆಯಂಗೇ ಇಲ್ಲ. ಅರ್ಧ ಗಂಟೆ ನಿಲ್ಲಿಸಿದ್ರೆ ಮತ್ತೆ ಸರಿ."

ಬುಕ್ಕಾಂಬುಧಿಯಿಂದ ಅಜ್ಜಂಪುರಕ್ಕೋ ತರೀಕೆರೆಗೋ ಬೈಕಿನಲ್ಲಿ ಓಡಾಡುವವರ ಬಾಯಲ್ಲಿ ಬೇಸಿಗೆ ಬಂತೆಂದರೆ ಈ ಮಾತು ಇದ್ದದ್ದೇ. ಹಿಂದೆ ಈರುಳ್ಳಿ ಚೀಲ, ಮುಂದೆ ಹಾಲಿನ ಕ್ಯಾನು, ನಡುವೆ ಮನುಷ್ಯ. ಎಕ್ಕರಿಸಿ ಎಕ್ಕರಿಸಿ ಬಂದ ಗಾಡಿ ಗ್ಯಾರೇಜಿನ ಬಾಗಿಲಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ ಕೈಯಲ್ಲಿದ್ದ ಇನ್ನೊಂದು ಕೆಲಸ ಮುಗಿಸಿ ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ. ಕಿಕ್ ಹೊಡೆದರೆ ಏನೂ ಆಗಿಯೇ ಇಲ್ಲವೆಂಬಂತೆ ಶುರುವಾಗುತ್ತದೆ. ತೊಂದರೆ ಹೇಳಿಕೊಂಡವನೇ ಪೆಚ್ಚಾಗುತ್ತಾನೆ.

ಬಿಸಿಯಾದಾಗ ಮಾತ್ರ ಕೆಡುವ ಎಂಜಿನ್ನಿನ ಮೂಲ ಹುಡುಕುವುದು ಈ ಕಸುಬಿನ ಕಷ್ಟದ ಭಾಗ. ಕೆಟ್ಟು ನಿಂತ ಗಾಡಿಯನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಕೆಟ್ಟ ಭಾಗ ಕಣ್ಣೆದುರೇ ಇರುತ್ತದೆ. ಇಲ್ಲಿ ಹಾಗಲ್ಲ, ಬಿಸಿ ಆರಿದೊಡನೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಹಾಗಾಗಿ ಒಳ್ಳೆಯ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಎತ್ತಿಕೊಳ್ಳುವುದಿಲ್ಲ, ಗಾಡಿ ಹತ್ತುತ್ತಾನೆ. ಐದಾರು ಕಿಲೋಮೀಟರ್ ತಾನೇ ಓಡಿಸಿ, ಗಾಡಿ ತನ್ನ ಕೈಯಲ್ಲೇ ಕೆಡುವ ತನಕ ಬಿಡದೆ, ಬಿಸಿಬಿಸಿ ಇರುವಾಗಲೇ ಮರದಡಿ ನಿಲ್ಲಿಸಿ ನೋಡುತ್ತಾನೆ. ಹೀಗೆ ಓಡಿಸದೆ ಕಾರ್ಬೊರೇಟರ್ ಕಳಚಿ, ಪ್ಲಗ್ಗು ಬದಲಿಸಿ, ಬಿಲ್ ಬರೆದು ಕಳಿಸುವವರೂ ಇದ್ದಾರೆ. ಗಿರಾಕಿ ಮರುದಿನ ಅದೇ ದೂರು ಹೊತ್ತು ಬಂದರೆ ಕಿಡಿ ಕೊಡುವ ಕಾಯಿಲ್, ಅದಾದ ಮೇಲೆ ಕಿಡಿಯ ಹೊತ್ತು ನೋಡಿಕೊಳ್ಳುವ ಸಿಡಿಐ ಬದಲಿಸುತ್ತಾರೆ. ಒಂದಲ್ಲ ಒಂದು ದಿನ ಸರಿಯಾಗುತ್ತದೆ, ನಿಜ. ಆದರೆ ಅದನ್ನು ಕಸುಬು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಗಾಡಿ ಹೇಗೆ ಕೆಡುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿರುತ್ತದೆ. ಸ್ವಿಚ್ ಆಫ್ ಮಾಡಿದ ಹಾಗೆ ಒಮ್ಮೆಲೇ ಸತ್ತರೆ ಕರೆಂಟಿನ ಕಡೆಗೆ ಅನುಮಾನ. ಎಳೆತ ಕಡಿಮೆಯಾಗುತ್ತ, ಒಂದೆರಡು ಸಲ ಮುಗ್ಗರಿಸಿ, ಆಮೇಲೆ ನಿಂತರೆ ಪೆಟ್ರೋಲಿನ ಕಡೆಗೆ. ಓಡುವಾಗ ಚೆನ್ನಾಗಿದ್ದು, ಆಕ್ಸಿಲರೇಟರ್ ಬಿಟ್ಟು ನಿಂತಾಗ ಮಾತ್ರ ಸ್ಲೋದಲ್ಲಿ ಓಡದೆ ಆಫ್ ಆದರೆ ವಾಲ್ವಿನ ಟ್ಯಾಪೆಟ್ಟೋ ಗಾಳಿ ಎಳೆಯುವ ಬಿರುಕೋ ಇರಬಹುದು. ಮತ್ತೆ ಶುರುವಾಗಲು ಎಷ್ಟು ಹೊತ್ತು ಬೇಕು ಎಂಬುದೂ ಮುಖ್ಯ. ಎರಡೇ ನಿಮಿಷಕ್ಕೆ ಸರಿಹೋಗುವುದಕ್ಕೂ ಎಂಜಿನ್ ಮುಟ್ಟಿದರೆ ಕೈ ಸುಡದಷ್ಟು ಆರಿದ ಮೇಲೆಯೇ ಸರಿಹೋಗುವುದಕ್ಕೂ ಕಾರಣ ಬೇರೆ ಬೇರೆ.

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಮಿಸ್ಸಿಂಗ್ ಶುರುವಾದ ಗಳಿಗೆಯಲ್ಲೇ ಟ್ಯಾಂಕಿನ ಮುಚ್ಚಳ ತೆಗೆಯಬೇಕು. ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಕೆಳಗಿಳಿದ ಹಾಗೆಲ್ಲ ಅಷ್ಟೇ ಗಾಳಿ ಒಳಗೆ ಹೋಗಬೇಕು. ಈ ಬಯಲಿನ ಧೂಳು ಆ ತೂತನ್ನು ಕಟ್ಟಿದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಕಾರ್ಬೊರೇಟರಿಗೆ ಪೆಟ್ರೋಲ್ ಇಳಿಯುವುದೇ ನಿಂತುಹೋಗುತ್ತದೆ. ಅದಕ್ಕೆ ಒಂದಿಷ್ಟು ದೂರ ಓಡಬೇಕು. ಆ ದೂರಕ್ಕೆ ಎಂಜಿನ್ನೂ ಬಿಸಿಯಾಗಿರುವುದರಿಂದ ಎಲ್ಲರೂ ಬಿಸಿಯನ್ನೇ ದೂರುತ್ತಾರೆ. ಮುಚ್ಚಳ ತೆಗೆದಾಗ 'ಉಸ್' ಎಂದು ಗಾಳಿ ನುಗ್ಗಿ ಗಾಡಿ ನೆಟ್ಟಗಾದರೆ, ಒಂದು ಸೂಜಿಯಲ್ಲಿ ರಿಪೇರಿ ಮುಗಿಯಿತು.

ಎರಡನೆಯದು ಚೋಕ್. ತಣ್ಣಗಿರುವಾಗ ಬೇಕಾಗುವ ಚೋಕನ್ನು ಬಿಸಿಯಲ್ಲಿ, ಗಾಡಿ ಎಕ್ಕರಿಸುತ್ತಿರುವಾಗ, ಅರ್ಧ ಎಳೆದು ನೋಡುವುದು. ಓಟ ಸುಧಾರಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲಿಂದಲೋ ಲೆಕ್ಕಕ್ಕಿಲ್ಲದ ಗಾಳಿ ಸೇರುತ್ತಿದೆ. ಇನ್ನೂ ಹದಗೆಟ್ಟರೆ ಪೆಟ್ರೋಲ್ ಈಗಾಗಲೇ ಹೆಚ್ಚಾಗಿದೆ. ಏರ್ ಫಿಲ್ಟರ್ ಕಟ್ಟಿರಬಹುದು, ಚೋಕೇ ಪೂರ್ತಿ ವಾಪಸ್ ಹೋಗದೆ ಸಿಕ್ಕಿಕೊಂಡಿರಬಹುದು. ಪ್ಲಗ್ ಬಿಚ್ಚಿದರೆ ಅದೂ ಇದನ್ನೇ ಹೇಳುತ್ತದೆ: ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಹದ ಸರಿಯಿದೆ, ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಕಡಿಮೆ. ಆದರೆ ಗ್ಯಾರೇಜಿನ ಮುಂದೆ ಹತ್ತು ನಿಮಿಷ ಸ್ಲೋದಲ್ಲಿ ಓಡಿಸಿ ಬಿಚ್ಚಿದ ಪ್ಲಗ್ಗನ್ನು ನಂಬುವಂತಿಲ್ಲ. ಓಡುತ್ತಿರುವಾಗಲೇ ಕ್ಲಚ್ ಹಿಡಿದು, ಎಂಜಿನ್ ಆಫ್ ಮಾಡಿ, ಹಾಗೇ ಉರುಳಿಸಿಕೊಂಡು ಬಂದು ಬಿಚ್ಚಬೇಕು. ರಸ್ತೆ ಖಾಲಿ ಇರುವ ಕಡೆ ಮಾತ್ರ ಮಾಡುವ ಕೆಲಸ ಇದು.

ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಹಳತಾದರೆ ಸೀಳುತ್ತದೆ. ತಣ್ಣಗಿರುವಾಗ ಆ ಬಿರುಕು ಮುಚ್ಚಿಕೊಂಡಿದ್ದು, ಬಿಸಿಗೆ ರಬ್ಬರ್ ಮೆತ್ತಗಾದಾಗ ಬಾಯಿ ಬಿಡುವುದುಂಟು. ಕೆಲವರು ಇದನ್ನು ಹುಡುಕಲು ಪೆಟ್ರೋಲ್ ಎರಚುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅಂಥ ಸಾಹಸ ಯಾಕೆ? ಸೋಪಿನ ನೀರು ಸವರಿದರೂ ಸಾಕು, ಬಿರುಕಿದ್ದರೆ ನೀರನ್ನು ಎಳೆದುಕೊಂಡು ಎಂಜಿನ್ನಿನ ಶಬ್ದ ಬದಲಾಗುತ್ತದೆ.

ಇನ್ನು ಕರೆಂಟಿನ ಕಡೆ. ಬಿಸಿ ತನ್ನ ಆಟವನ್ನೆಲ್ಲ ತೋರಿಸುವುದು ಇಲ್ಲಿ. ಕಾಯಿಲ್ ಎಂದರೆ ಒಳಗೆ ಸಾವಿರಾರು ಸುತ್ತು ತಾಮ್ರದ ತಂತಿ. ಒಂದೊಂದು ಡಿಗ್ರಿ ಬಿಸಿ ಏರಿದ ಹಾಗೂ ತಾಮ್ರದ ರೋಧ ಸುಮಾರು ಶೇ 0.4ರಷ್ಟು ಏರುತ್ತದೆ. ಅರವತ್ತು ಡಿಗ್ರಿ ಏರಿದರೆ ಹತ್ತಿರ ಹತ್ತಿರ ಕಾಲು ಭಾಗ. ಒಳ್ಳೆಯ ಕಾಯಿಲ್ ಇಷ್ಟನ್ನು ತಡೆದುಕೊಳ್ಳುತ್ತದೆ. ಆದರೆ ಒಳಗೆಲ್ಲೋ ತಂತಿಯ ಮೇಲಿನ ವಾರ್ನಿಷ್ ಬಿಟ್ಟಿದ್ದರೆ, ಕೂದಲೆಳೆಯಷ್ಟು ಸೀಳು ಬಿದ್ದಿದ್ದರೆ, ಬಿಸಿಗೆ ಲೋಹ ಹಿಗ್ಗಿ ಅದು ತೆರೆದುಕೊಳ್ಳುತ್ತದೆ. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಒಳಗೇ ದಾರಿ ಹುಡುಕಿಕೊಳ್ಳುತ್ತದೆ. ತಣ್ಣಗಾದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ತಣ್ಣಗಿರುವ ಕಾಯಿಲ್‌ಗೆ ಮೀಟರ್ ಇಟ್ಟು 'ಎಲ್ಲ ಸರಿಯಾಗಿದೆ' ಎನ್ನುವುದರಲ್ಲಿ ಅರ್ಥವಿಲ್ಲ. ಗಾಡಿ ಸತ್ತ ಕೂಡಲೇ, ಸ್ವಿಚ್ ಆಫ್ ಮಾಡಿ, ಕಾಯಿಲ್ ಮೇಲೆ ಒದ್ದೆ ಬಟ್ಟೆ ಸುತ್ತುವುದು ಹಳಬರ ಉಪಾಯ. ಎಂಜಿನ್ ಇನ್ನೂ ಕಾದಿದ್ದು, ಕಾಯಿಲ್ ಮಾತ್ರ ತಣಿದಾಗ ಗಾಡಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕ. ಅದೇ ನೀರನ್ನು ಕಾದ ಬ್ಲಾಕಿನ ಮೇಲೆ ಸುರಿದರೆ ಮಾತ್ರ ಲೋಹ ಬಿರುಕು ಬಿಟ್ಟೀತು.

ಕಿಡಿಗಾಗಿ ಕರೆಂಟನ್ನು ಕಡಿದು ಬಿಡುವ ಪಾಯಿಂಟ್, ಅದರ ಜೊತೆಯ ಕಂಡೆನ್ಸರ್ ಇದ್ದ ಕಾಲದ ಗಾಡಿಗಳಲ್ಲಿ ಇದರ ವಿದ್ಯೆ ಇನ್ನೂ ಸೂಕ್ಷ್ಮ. ಆ ಮಾತಿಗೆ ಮೈಸೂರಿಗೆ ಹೋಗದೆ ಗತಿಯಿಲ್ಲ. 1961ರಲ್ಲಿ ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದು, ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲೇ ತಯಾರಿಸತೊಡಗಿದರು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯಜ್ಡಿಯಾಯಿತು, ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ನಿಲ್ಲಲಿಲ್ಲ. ಕಂಪನಿಯೇ ಇಲ್ಲದ ಗಾಡಿಯನ್ನು ಮೂವತ್ತು ವರ್ಷ ಓಡಿಸಿಕೊಂಡು ಬಂದವರು ಊರೂರಿನ ಮೆಕ್ಯಾನಿಕ್‌ಗಳು. ಬಿಡಿಭಾಗ ಸಿಗದ ಗಾಡಿಯಲ್ಲಿ ಒಂದೊಂದನ್ನೇ ಬದಲಿಸಿ ನೋಡುವ ಐಷಾರಾಮ ಇರುವುದಿಲ್ಲವಲ್ಲ, ಯೋಚಿಸಲೇಬೇಕು. ಒಳ್ಳೆಯ ಮೆಕ್ಯಾನಿಕ್‌ಗಳನ್ನು ತಯಾರಿಸಿದ್ದು ಆ ಅಭಾವವೇ ಎಂದು ನನ್ನ ಲೆಕ್ಕ.

ಯಜ್ಡಿಯ ಪಾಯಿಂಟುಗಳ ನಡುವಿನ ಸಂದು 0.4 ಮಿಲಿಮೀಟರ್ ಆಸುಪಾಸು. ಕಂಡೆನ್ಸರ್ ದುರ್ಬಲವಾದರೆ ಬಿಸಿಯಲ್ಲಿ ಸೋರತೊಡಗುತ್ತದೆ. ಆಗ ಪ್ಲಗ್ಗಿನಲ್ಲಿ ಬೀಳಬೇಕಾದ ಕಿಡಿಯ ಬಲವೆಲ್ಲ ಪಾಯಿಂಟುಗಳ ನಡುವೆ ಪಟಪಟನೆ ಹಾರಿಹೋಗುತ್ತದೆ. ಮುಚ್ಚಳ ತೆಗೆದು ನೆರಳಿನಲ್ಲಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ಮೋಸದ್ದು. ಪಾಯಿಂಟಿನ ಫೈಬರ್ ಹಿಮ್ಮಡಿ ಸವೆದ ಹಾಗೆ ಸಂದು ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ. ತಡವಾಗಿ ಹೊತ್ತಿದ ಬೆಂಕಿ ಎಂಜಿನ್ನನ್ನೂ ಸೈಲೆನ್ಸರನ್ನೂ ಮತ್ತಷ್ಟು ಕಾಯಿಸುತ್ತದೆ. ಅಂದರೆ ಬಿಸಿಯಿಂದ ಗಾಡಿ ಕೆಟ್ಟದ್ದೋ, ಕೆಟ್ಟದ್ದರಿಂದ ಬಿಸಿಯಾದದ್ದೋ ಎಂಬ ಪ್ರಶ್ನೆ. ಇದನ್ನು ಬಿಡಿಸಿಕೊಳ್ಳದೆ ಹೊಸ ಕಂಡೆನ್ಸರ್ ಹಾಕಿದರೆ ಅದೂ ಬೇಗ ಹಾಳಾಗಬಹುದು.

ಟೂ ಸ್ಟ್ರೋಕ್ ಎಂಜಿನ್ನಿಗೆ ಇನ್ನೊಂದು ಗುಟ್ಟಿನ ಜಾಗವಿದೆ, ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್. ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೇ ಬರುವುದರಿಂದ ಆ ಕೋಣೆ ಗಾಳಿಯಾಡದಂತಿರಬೇಕು. ಸೀಲ್ ಗಟ್ಟಿಯಾಗಿ ಸವೆದರೆ ಹೊರಗಾಳಿ ನುಗ್ಗಿ, ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಕ್ಕೆ ಸೇರಿ ಬಿಳಿ ಹೊಗೆ ನಿಲ್ಲದು. ಸೀಲ್ ಹೋದದ್ದು ಗೊತ್ತಾಗದೆ ಹಾಗೇ ಓಡಿಸಿದರೆ ಕೊನೆಗೆ ಸೀಜ್. ಯಜ್ಡಿ 250ರ ಬೋರ್ 65 ಮಿಲಿಮೀಟರ್. ಬಿಸಿ ನೂರು ಡಿಗ್ರಿ ಏರಿದರೆ ಅಷ್ಟಗಲದ ಅಲ್ಯೂಮಿನಿಯಂ ಪಿಸ್ಟನ್ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ, ಎರಕದ ಕಬ್ಬಿಣದ ಬೋರ್ ಅದರ ಅರ್ಧದಷ್ಟು. ಪಿಸ್ಟನ್ ಆಡಲು ಬಿಟ್ಟ ಸಂದನ್ನು ಆ ವ್ಯತ್ಯಾಸವೇ ನುಂಗಿಬಿಡಬಹುದು. ಎಳೆತ ಒಮ್ಮೆಲೇ ಇಳಿದು ಎಂಜಿನ್ ಹಿಡಿದಂತಾದರೆ ಕ್ಲಚ್ ಒತ್ತುವುದೊಂದೇ ದಾರಿ.

ಫೋರ್ ಸ್ಟ್ರೋಕಿನಲ್ಲಿ ಇದೇ ಹಿಗ್ಗುವಿಕೆ ಟ್ಯಾಪೆಟ್ಟಿನಲ್ಲಿ ಕಾಣಿಸುತ್ತದೆ. ಹಲವು 100 ಸಿಸಿ ಗಾಡಿಗಳಲ್ಲಿ ತಣ್ಣಗಿರುವಾಗ ಇಡಬೇಕಾದ ಸಂದು 0.05 ಮಿ.ಮೀ. ಸುತ್ತಮುತ್ತ. 'ಟಕಟಕ ಶಬ್ದ ಬರ್ತದೆ, ಸ್ವಲ್ಪ ಟೈಟ್ ಮಾಡಿ' ಎಂದು ಗಿರಾಕಿಯೇ ಹಟ ಹಿಡಿದು ಬಿಗಿ ಮಾಡಿಸುತ್ತಾನೆ. ಶಬ್ದ ಹೋಗುತ್ತದೆ. ಜೊತೆಗೆ ಬಿಸಿಯಲ್ಲಿ ಉದ್ದವಾದ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರದೆ ಕಂಪ್ರೆಷನ್ನೂ ಹೋಗುತ್ತದೆ. ಕಾದ ಗಾಡಿಗೆ ಕಿಕ್ ಹೊಡೆದರೆ ಕಾಲಿಗೆ ಒತ್ತೇ ಸಿಗುವುದಿಲ್ಲ. ಸಣ್ಣ ಶಬ್ದವನ್ನು ಸಹಿಸಿಕೊಳ್ಳಿ ಎಂದು ಗಿರಾಕಿಗೆ ಹೇಳಿ ಒಪ್ಪಿಸುವುದು ಸಂದು ಅಳೆಯುವ ಫೀಲರ್ ಗೇಜ್ ಹಿಡಿಯುವುದಕ್ಕಿಂತ ಕಷ್ಟದ ಕೆಲಸ.

ಊರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ವೇಗವೇ ಫ್ಯಾನು. ಭಾರ ಹೇರಿಕೊಂಡು ಎರಡನೇ ಗೇರಿನಲ್ಲಿ ಹೊಲದ ದಾರಿ ಹಿಡಿದರೆ ಶ್ರಮ ಜಾಸ್ತಿ, ಗಾಳಿ ಕಡಿಮೆ. ಬ್ಲಾಕಿನ ರೆಕ್ಕೆಗಳ ನಡುವೆ ಒಣಗಿದ ಎರೆಮಣ್ಣು ಕೂತಿದ್ದರಂತೂ ಕೇಳುವುದೇ ಬೇಡ. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹತ್ತುವವರ ಪಾಡು ಬೇರೆ. ಮೇಲೇರಿದ ಹಾಗೆ ಗಾಳಿ ತೆಳುವಾಗಿ, ಕಾರ್ಬೊರೇಟರ್ ಮಾತ್ರ ಬಯಲಿನ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತಿರುತ್ತದೆ. ಆ ಗಾಡಿಗೆ ರಿಪೇರಿಯೇ ಬೇಡ, ಕೆಳಗಿಳಿದರೆ ತಾನಾಗಿ ಸರಿಹೋಗುತ್ತದೆ.

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದು, ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಕೂತಿತು. ಸ್ಕ್ಯಾನರ್ ಸಿಕ್ಕಿಸಿದರೆ ಎಂಜಿನ್ನಿನ ಬಿಸಿಯೂ ಸೆನ್ಸರುಗಳ ಸ್ಥಿತಿಯೂ ಪರದೆಯ ಮೇಲೆ ಬರುತ್ತದೆ. ಅಷ್ಟಕ್ಕೇ ಹಳೆಯ ವಿದ್ಯೆ ಮುಗಿಯಿತೆಂದು ತಿಳಿಯಬೇಕಿಲ್ಲ. ಕ್ರ್ಯಾಂಕ್ ಸೆನ್ಸರ್ ಒಳಗೆ ಇರುವುದೂ ಹೆಚ್ಚಾಗಿ ತಾಮ್ರದ ಸುರುಳಿಯೇ. ಅದೂ ಕಾದಾಗ ಕೈಕೊಟ್ಟು, ಆರಿದಾಗ ಸರಿಯಾಗಬಲ್ಲದು. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಯಾವಾಗಲೂ ರಿಸರ್ವಿನಲ್ಲೇ ಓಡಿಸುವವನ ಪಂಪ್ ಬಿಸಿಲಿನಲ್ಲಿ ಸೋಲುತ್ತದೆ. ಸ್ಕ್ಯಾನರ್ ಕೂಡ ಗಾಡಿ ತಣ್ಣಗಿದ್ದಾಗ 'ಏನೂ ತೊಂದರೆ ಇಲ್ಲ' ಎಂದೇ ತೋರಿಸೀತು. ಅದನ್ನೂ ಸಿಕ್ಕಿಸಿಕೊಂಡೇ ಐದಾರು ಕಿಲೋಮೀಟರ್ ಓಡಿಸಿ ಬರಬೇಕು.

ಹಳೆಯ ಗಾಡಿಯವರಿಗೆ ಈಗ ಬಂದಿರುವ ಹೊಸ ತಲೆನೋವು ಪೆಟ್ರೋಲಿನದೇ. ಬಂಕಿನಲ್ಲಿ ಸಿಗುವ ಇ20ರಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ, ಬರೀ ಪೆಟ್ರೋಲಿಗೆಂದು ಜೆಟ್ ಹೊಂದಿಸಿದ ಕಾರ್ಬೊರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಮೊದಲೇ ಅಂಚಿನಲ್ಲಿದ್ದ ಗಾಡಿ ಬಿಸಿಯಲ್ಲಿ ಎಕ್ಕರಿಸಲು ಅಷ್ಟು ಸಾಕು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನೂ ಮೆತ್ತಗಾಗಿಸುತ್ತದೆ. ಮಳೆಗಾಲವೆಲ್ಲ ಮೂಲೆಯಲ್ಲಿ ನಿಂತ ಗಾಡಿಯ ಕಾರ್ಬೊರೇಟರ್ ತಳದಲ್ಲಿ ನೀರು ಕೂತಿರುವುದುಂಟು. ಇಂಥ ಗಾಡಿ ಬಂದರೆ ಬಲ್ಲ ಮೆಕ್ಯಾನಿಕ್ ಮೊದಲು ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಿ ನೀರನ್ನು ಇಳಿಸುತ್ತಾನೆ. ಪೈಪು, ಓ ರಿಂಗು ಬದಲಿಸಿ, ಮೇನ್ ಜೆಟ್ಟನ್ನು ಒಂದು ನಂಬರ್ ದೊಡ್ಡದು ಹಾಕಿ, ಬೇರೆ ಯಾವುದನ್ನೂ ಮುಟ್ಟದೆ, ಪ್ಲಗ್ ಒರೆಸಿಟ್ಟು ಗಾಡಿಯನ್ನು ಮತ್ತೆ ಬಿಸಿಮಾಡಲು ರಸ್ತೆಗೆ ಒಯ್ಯುತ್ತಾನೆ.